ಸಿನಿಮಾದಲ್ಲಿ ಕಂಡ ವಿಲ್ಟ್‌ಶೈರ್ ಹುಡುಕಿಕೊಂಡು ಹೋಗುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ ತುಮಕೂರಿನಿಂದ ನಮ್ಮತ್ತೆ ಬಂದಿದ್ದರು. ವಾರ್ಮಿನ್‌ಸ್ಟರ್ ಹತ್ತಿರದ ಒಂದು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಕೆಳಗೆ ಹುಲ್ಲುಗಾವಲು, ಕೆರೆ, ನಡುವೆ ಅರಮನೆಯಂಥ ಬಂಗಲೆ. ಅತ್ತೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ತೋಳು ಹಿಡಿದು, "ಏನೇ, ಇದು ಆ ಅಮಿತಾಭ್ ಬಚ್ಚನ್ ಸ್ಕೂಲು ಅಲ್ವೇನೇ?" ಅಂದರು.

ಹೌದು, ಅದೇ. 2000ರಲ್ಲಿ ಬಂದ ‘ಮೊಹಬ್ಬತೇಂ’ ಚಿತ್ರದ ಗುರುಕುಲ. ನಿಜದಲ್ಲಿ ಅದು ಲಾಂಗ್‌ಲೀಟ್ ಹೌಸ್, 1580ರ ಹೊತ್ತಿಗೆ ಕಟ್ಟಿ ಮುಗಿಸಿದ ಮನೆ. ಇರುವುದು ಇಂಗ್ಲೆಂಡಿನ ನೈಋತ್ಯದ ವಿಲ್ಟ್‌ಶೈರ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). ಕಥೆ ನಡೆಯುವುದು ಇಂಡಿಯಾದಲ್ಲಿ, ಕಟ್ಟಡ ಮಾತ್ರ ಇಲ್ಲಿಯದು.

ಈ ಕೌಂಟಿಯ ಸ್ವಭಾವವೇ ಹಾಗೆ. ತೆರೆಯ ಮೇಲೆ ಬರುತ್ತಲೇ ಇರುತ್ತದೆ, ತನ್ನ ಹೆಸರಿನಲ್ಲಿ ಮಾತ್ರ ಬರುವುದು ಅಪರೂಪ. ಹಾರ್ಟ್‌ಫರ್ಡ್‌ಶೈರ್‌ನ ಪೇಟೆಯಾಗಿದೆ, ಕಾರ್ನ್‌ವಾಲ್‌ನ ಊರಾಗಿದೆ, ಡೆವನ್‌ನ ಹಳ್ಳಿಯಾಗಿದೆ, ಲಂಡನ್‌ನ ಅರಮನೆಯಾಗಿದೆ, ಹ್ಯಾರಿ ಪಾಟರ್‌ನ ಮಾಟದ ಶಾಲೆ ಹಾಗ್ವರ್ಟ್ಸ್ ಕೂಡ ಆಗಿದೆ. ಹಾಗಾಗಿ ಬೇರೆ ಪ್ರವಾಸಕ್ಕೆ ಹೋದ ಹಾಗೆ ಹೋದರೆ ಇಲ್ಲಿ ಏನೂ ಕಾಣುವುದಿಲ್ಲ. ಬೋರ್ಡು ಕಡಿಮೆ, ಗೈಡು ಕಡಿಮೆ. ಏನು ನೋಡಬೇಕು, ಎಲ್ಲಿ ನಿಂತು ನೋಡಬೇಕು ಅಂತ ಮೊದಲೇ ಗೊತ್ತಿರಬೇಕು. ನಾನು ರೆಡಿಂಗ್‌ನಲ್ಲಿ ಇರುವುದರಿಂದ ಊರಿಂದ ಬಂದವರನ್ನೆಲ್ಲ ಈ ಕಡೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೇ ಬಿದ್ದಿದೆ. ತಪ್ಪು ಮಾಡಿ ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಯಾವುದು ಇಲ್ಲಿದೆ, ಯಾವುದು ಇಲ್ಲ

ಮೊದಲು ಆಸೆಗಳನ್ನು ಜರಡಿ ಹಿಡಿಯಿರಿ. ‘ಡೌನ್‌ಟನ್ ಅಬ್ಬಿ’ ಟಿವಿ ಧಾರಾವಾಹಿಯ ದೊಡ್ಡ ಮನೆ ನೋಡಬೇಕು ಅಂತ ತುಂಬಾ ಜನ ವಿಲ್ಟ್‌ಶೈರ್‌ಗೆ ಬರುತ್ತಾರೆ. ಅದು ಹೈಕ್ಲಿಯರ್ ಕಾಸಲ್, ಪಕ್ಕದ ಹ್ಯಾಂಪ್‌ಶೈರ್‌ನಲ್ಲಿದೆ. ಅದರ ಹಳ್ಳಿ ಆಕ್ಸ್‌ಫರ್ಡ್‌ಶೈರ್‌ನ ಬ್ಯಾಂಪ್ಟನ್. ಹ್ಯಾರಿ ಪಾಟರ್ ಪೊರಕೆ ಮೇಲೆ ಹಾರಲು ಕಲಿತ ಅಂಗಳ ಇರುವುದು ದೂರದ ಉತ್ತರದಲ್ಲಿ, ನಾರ್ತಂಬರ್‌ಲ್ಯಾಂಡ್‌ನ ಆನಿಕ್ ಕಾಸಲ್‌ನಲ್ಲಿ. ‘ಕಭಿ ಖುಷಿ ಕಭಿ ಗಮ್’ ಮನೆ ಬಕಿಂಗ್‌ಹ್ಯಾಮ್‌ಶೈರ್‌ನದು. ಇವನ್ನೆಲ್ಲ ಒಂದೇ ಪ್ರವಾಸಕ್ಕೆ ತುರುಕಿದರೆ ಕಾರಿನ ಕಿಟಕಿ ಬಿಟ್ಟು ಬೇರೇನೂ ನೋಡಿದಂತಾಗುವುದಿಲ್ಲ.

ವಿಲ್ಟ್‌ಶೈರ್‌ನಲ್ಲಿ ಇರುವುದು ಎರಡು ಗುಂಪು. ಉತ್ತರದ ಗುಂಪಿಗೆ ಚಿಪ್ಪನ್‌ಹ್ಯಾಮ್ ಪಟ್ಟಣ ನಡುಮನೆ ಇದ್ದ ಹಾಗೆ. ಲೇಕಾಕ್, ಕಾರ್ಶಮ್, ಕಾಸಲ್ ಕೂಮ್ ಮೂರೂ ಅಲ್ಲಿಂದ 5ರಿಂದ 10 ಕಿಲೋಮೀಟರ್ ಒಳಗಿವೆ. ದಕ್ಷಿಣದ ಗುಂಪಿಗೆ ಸಾಲ್ಸ್‌ಬರಿ. ವಿಲ್ಟನ್ ಹೌಸ್ ಬಂಗಲೆ, ಪ್ರಾಚೀನ ಕಲ್ಲಿನ ಚಕ್ರ ಸ್ಟೋನ್‌ಹೆಂಜ್ ಎರಡೂ ಅದಕ್ಕೆ ಹತ್ತಿರ. ಸ್ಟೌರ್‌ಹೆಡ್ ತೋಟ, ಲಾಂಗ್‌ಲೀಟ್, ಹಳೆಯ ವಾರ್ಡರ್ ಕೋಟೆ ಪಶ್ಚಿಮದ ಅಂಚಿಗೆ. ಎರಡು ಗುಂಪಿನ ನಡುವೆ ಸುಮಾರು 55 ಕಿಲೋಮೀಟರ್. ಒಂದೇ ದಿನ ಇದ್ದರೆ ಉತ್ತರ ಮಾತ್ರ ಮಾಡಿ. ಎರಡು ದಿನ ಇದ್ದರೆ ಒಂದೊಂದಕ್ಕೆ ಒಂದು ದಿನ. ಅರ್ಧ ದಿನ ಆ ಕಡೆ, ಅರ್ಧ ದಿನ ಈ ಕಡೆ ಅಂತ ಲೆಕ್ಕ ಹಾಕಬೇಡಿ. ನಾನು ಹಾಕಿದ್ದೆ. ಸಂಜೆ 5 ಗಂಟೆಗೆ ಮುಚ್ಚಿದ ಗೇಟಿನ ಮುಂದೆ ನಿಂತು ಚಕ್ಕುಲಿ ತಿಂದು ವಾಪಸ್ ಬಂದೆವು.

ಊರಿನ ಹೆಸರು ಹೇಳುವುದೂ ಸ್ವಲ್ಪ ಕಲಿತಿರಿ. ‘ಕೋಂಬ್’ ಅಲ್ಲ, ‘ಕೂಮ್’. ಕಣಿವೆ ಅಂತ ಅರ್ಥ. ಬಸ್ ಡ್ರೈವರ್ ಹತ್ತಿರ ಕೇಳುವಾಗ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 2: ಮನೆಯಲ್ಲೇ ಕೂತು ಫ್ರೇಮ್ ಹಿಡಿಯಿರಿ

ಇದನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಅರ್ಧ ಪ್ರವಾಸ ಇಲ್ಲೇ ಇದೆ.

ಹೊರಡುವ ಮುಂಚೆ ಎರಡೋ ಮೂರೋ ಚಿತ್ರ ಮತ್ತೆ ನೋಡಿ. ಇಡೀ ಪಿಕ್ಚರ್ ಬೇಡ, ಬೀದಿಯ ದೃಶ್ಯಗಳು ಸಾಕು. ಚೆನ್ನಾಗಿ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಕೆಲವು ಆ್ಯಪ್‌ಗಳಲ್ಲಿ ಸ್ಕ್ರೀನ್‌ಶಾಟ್ ಕಪ್ಪಾಗಿ ಬರುತ್ತದೆ. ಆಗ ಇನ್ನೊಂದು ಫೋನಿನಿಂದ ಟಿವಿಯ ಫೋಟೋ ಹೊಡೆಯಿರಿ. ಊರಿಗೊಂದು ಆಲ್ಬಮ್ ಮಾಡಿ ಫೋನಿನಲ್ಲೇ ಇಟ್ಟುಕೊಳ್ಳಿ. ಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ.

ಆ ಫೋಟೋ ಹಿಡಿದು ಬೀದಿಯಲ್ಲಿ ನಿಂತಾಗ ಒಂದು ಮಾತು ನೆನಪಿರಲಿ. ಕೆಳಗೆ ನೋಡಬೇಡಿ, ಮೇಲೆ ನೋಡಿ. ಸಿನಿಮಾದವರು ನೆಲದ ಹತ್ತಿರ ಇರುವುದನ್ನೆಲ್ಲ ಬದಲಾಯಿಸುತ್ತಾರೆ. ಡಾಂಬರಿನ ಮೇಲೆ ಮಣ್ಣು ಸುರಿಯುತ್ತಾರೆ. ಅಂಗಡಿ ಬೋರ್ಡು ಬದಲಾಗುತ್ತದೆ. ಬಾಗಿಲಿಗೆ ಬಣ್ಣ ಬರುತ್ತದೆ. ಸುಳ್ಳು ಕಿಟಕಿ, ಸುಳ್ಳು ಬಳ್ಳಿ ಬರುತ್ತವೆ. ಚಾವಣಿಯ ಇಳಿಜಾರು, ಹೊಗೆಗೂಡು, ಮೇಲಿನ ಕಿಟಕಿಗಳ ಲೆಕ್ಕ, ಗೋಡೆಯ ಮೂಲೆಯ ಕಲ್ಲು ಹಾಗೇ ಇರುತ್ತವೆ. ಅವನ್ನು ಹೊಂದಿಸಿದರೆ ಕ್ಯಾಮೆರಾ ಎಲ್ಲಿತ್ತು ಅಂತ ಸಿಕ್ಕಿಬಿಡುತ್ತದೆ.

ಹೊಂದುತ್ತಿಲ್ಲ ಅನ್ನಿಸಿದರೆ ಹಿಂದೆ ಹಿಂದೆ ನಡೆಯಿರಿ. ಉದ್ದ ಲೆನ್ಸ್ ಹಾಕಿದಾಗ ಬೀದಿಯ ಆ ತುದಿ ಈ ತುದಿಗೆ ಅಂಟಿಕೊಂಡ ಹಾಗೆ ಕಾಣುತ್ತದೆ. ಕ್ಯಾಮೆರಾ ನೀವು ಅಂದುಕೊಂಡದ್ದಕ್ಕಿಂತ ದೂರ ಇತ್ತು ಅಂತ ಅರ್ಥ. ಫೋನಿನಲ್ಲೂ ಎರಡು ಪಟ್ಟು ಜೂಮ್ ಹಾಕಿ ನೋಡಿ. ಹಿಂದೆ ನಡೆಯುವಾಗ ಕಾರು ಬರುತ್ತಿದೆಯಾ ಅಂತ ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ.

ಹೆಜ್ಜೆ 3: ಯಾವಾಗ ಹೋಗಬೇಕು

ಮೇ, ಜೂನ್, ಸೆಪ್ಟೆಂಬರ್. ಜೂನ್‌ನಲ್ಲಿ ಬೆಳಿಗ್ಗೆ 5ಕ್ಕೇ ಬೆಳಕು, ರಾತ್ರಿ 9 ದಾಟಿದರೂ ಕತ್ತಲಾಗುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ 4ಕ್ಕೇ ಕತ್ತಲು. ಚಳಿಗಾಲದಲ್ಲಿ ದೊಡ್ಡ ಮನೆಗಳ ಒಳಭಾಗ ಮುಚ್ಚಿರುವುದೂ ಜಾಸ್ತಿ. ವಿಲ್ಟನ್ ಹೌಸ್ ಅಂತೂ ಬೇಸಿಗೆಯಲ್ಲೇ ಕೆಲವು ದಿನ ಮಾತ್ರ ತೆರೆದಿರುತ್ತದೆ. ತೆರೆದಿರುವ ದಿನವನ್ನು ಅವರ ವೆಬ್‌ಸೈಟಿನಲ್ಲಿ ನೋಡಿ, ಆಮೇಲೆ ರೈಲು ಟಿಕೆಟ್ ತೆಗೆಯಿರಿ. ಉಲ್ಟಾ ಮಾಡಬೇಡಿ. ಶೂಟಿಂಗ್ ಇದ್ದರೂ ಕೆಲವು ಭಾಗ ಮುಚ್ಚುತ್ತಾರೆ. ನೋಡಲು ಬಂದವರಿಗೆ ಅದೂ ಒಂದು ಭಾಗ್ಯವೇ ಅನ್ನಿ.

ಮಳೆ ಯಾವ ತಿಂಗಳಲ್ಲೂ ಬರಬಹುದು. ಮಲೆನಾಡಿನ ಮಳೆಯ ಹಾಗೆ ಹೊಡೆದು ಸುರಿಯುವುದಿಲ್ಲ, ಜಿನುಗುತ್ತಲೇ ಇರುತ್ತದೆ. ಗಾಳಿಗೆ ಕೊಡೆ ಮಡಚಿ ಹೋಗುತ್ತದೆ. ಟೋಪಿ ಇರುವ ಜಾಕೆಟ್ ಸಾಕು. ಚಪ್ಪಲಿ ಬೇಡವೇ ಬೇಡ.

ಹೆಜ್ಜೆ 4: ಹೋಗುವ ದಾರಿ

ಲಂಡನ್ ಪ್ಯಾಡಿಂಗ್ಟನ್‌ನಿಂದ ಚಿಪ್ಪನ್‌ಹ್ಯಾಮ್‌ಗೆ ರೈಲಿನಲ್ಲಿ ಸುಮಾರು ಒಂದೂ ಕಾಲು ಗಂಟೆ. ವಾಟರ್‌ಲೂನಿಂದ ಸಾಲ್ಸ್‌ಬರಿಗೆ ಸುಮಾರು ಒಂದೂವರೆ ಗಂಟೆ. ವಾರಗಳ ಮುಂಚೆ ಅಡ್ವಾನ್ಸ್ ಟಿಕೆಟ್ ತೆಗೆದರೆ ಅಗ್ಗ. ಮೂರು ಜನ ಅಥವಾ ಜಾಸ್ತಿ ಇದ್ದರೆ ‘ಗ್ರೂಪ್‌ಸೇವ್’ ಅಂತ ಕೇಳಿ. ದಟ್ಟಣೆ ಇಲ್ಲದ ಹೊತ್ತಿನಲ್ಲಿ ಮೂರನೇ ಒಂದು ಭಾಗದಷ್ಟು ಕಡಿಮೆ ಆಗುತ್ತದೆ. ಅಪ್ಪ ಅಮ್ಮ ಬಂದಾಗ ಇದೇ ನಮ್ಮನ್ನು ಕಾಪಾಡುವುದು.

ಚಿಪ್ಪನ್‌ಹ್ಯಾಮ್‌ನಿಂದ ಲೇಕಾಕ್ ಮತ್ತು ಕಾರ್ಶಮ್‌ಗೆ ಬಸ್ಸಿದೆ. ಭಾನುವಾರ ಮಾತ್ರ ಬಸ್ಸು ನೆಚ್ಚಿಕೊಂಡು ಹೊರಡಬೇಡಿ. ಕಾಸಲ್ ಕೂಮ್‌ಗೆ ಟ್ಯಾಕ್ಸಿ ಅಥವಾ ಸ್ವಂತ ಕಾರೇ ಸರಿ.

ಬಾಡಿಗೆ ಕಾರು ತೆಗೆದರೆ ಇನ್ನೂ ಸಲೀಸು. ಇಲ್ಲೂ ಎಡಗಡೆಯೇ ಓಡಿಸುವುದು. ಪ್ರವಾಸಕ್ಕೆ ಬಂದವರು ಇಂಡಿಯಾದ ಲೈಸೆನ್ಸ್ ಮೇಲೆ 12 ತಿಂಗಳವರೆಗೆ ಓಡಿಸಬಹುದು. ವೇಗ ಮೈಲಿಯಲ್ಲಿ, ಕಿಲೋಮೀಟರಿನಲ್ಲಿ ಅಲ್ಲ. ಬಿಳಿ ಚಕ್ರದ ಮೇಲೆ ಕಪ್ಪು ಅಡ್ಡಗೀರಿನ ಬೋರ್ಡು ಕಂಡರೆ ಇಂಥ ಸಾಮಾನ್ಯ ರಸ್ತೆಯಲ್ಲಿ 60 ಮೈಲಿ ಮಿತಿ ಅಂತ. ಅಷ್ಟು ವೇಗದಲ್ಲಿ ಹೋಗಲೇಬೇಕು ಅಂತ ಅಲ್ಲ! ಹಳ್ಳಿಯ ದಾರಿಗಳು ಒಂದು ಕಾರಿನಷ್ಟೇ ಅಗಲ. ಎರಡೂ ಕಡೆ ಆಳೆತ್ತರದ ಬೇಲಿ. ಎದುರು ಟ್ರ್ಯಾಕ್ಟರ್ ಬಂದರೆ ಯಾರ ಹಿಂದೆ ಜಾಗ ಇದೆಯೋ ಅವರು ಹಿಂದಕ್ಕೆ ತೆಗೆಯಬೇಕು. ದಾಟುವಾಗ ಕೈ ಎತ್ತಿ ಥ್ಯಾಂಕ್ಸ್ ಹೇಳುವುದು ಇಲ್ಲಿನ ರೂಢಿ.

ಒಂದು ಸಲ ಮ್ಯಾಪ್ ಹೇಳಿತು ಅಂತ ಹತ್ತಿರದ ದಾರಿ ಹಿಡಿದೆವು. ಅದು ಹೊಲದ ದಾರಿ. ತಿರುಗಿಸಲು ಹೋಗಿ ಬೇಲಿಗೆ ಉಜ್ಜಿತು. ಬಾಡಿಗೆ ಕಂಪನಿಯವರು ಬೆರಳುದ್ದದ ಗೀರಿಗೆ ಹಾಕಿದ ಬಿಲ್ಲಿನಲ್ಲಿ ಇನ್ನೊಂದು ವಾರ ಸುತ್ತಬಹುದಿತ್ತು. ಅವತ್ತಿನಿಂದ ಕಾರು ತೆಗೆದುಕೊಳ್ಳುವಾಗಲೇ ಸುತ್ತ ವಿಡಿಯೋ ಮಾಡಿಕೊಳ್ಳುತ್ತೇನೆ, ದೊಡ್ಡ ರಸ್ತೆ ಬಿಡುವುದಿಲ್ಲ.

ಹೆಜ್ಜೆ 5: ಲೇಕಾಕ್‌ಗೆ ಅರ್ಧ ದಿನ ಕೊಡಿ

ಒಂದೇ ಊರು ನೋಡಲು ಸಮಯ ಇದ್ದರೆ ಇದನ್ನೇ ನೋಡಿ.

ನಾಲ್ಕು ಬೀದಿ ಸೇರಿ ಒಂದು ಚೌಕ, ಅಷ್ಟೇ ಊರು. ಸುಮ್ನೆ ನಡೆದರೆ 15 ನಿಮಿಷದಲ್ಲಿ ಸುತ್ತು ಮುಗಿಯುತ್ತದೆ. ಸಿನಿಮಾದವರಿಗೆ ಈ ಊರು ಇಷ್ಟವಾಗಲು ಕಾರಣ ಅಂದ ಒಂದೇ ಅಲ್ಲ. ಹಿಂದೆ ಉಣ್ಣೆ ವ್ಯಾಪಾರದಲ್ಲಿ ದುಡ್ಡು ಬಂದಾಗ ಜನ ಗಟ್ಟಿ ಮನೆ ಕಟ್ಟಿದರು. ವ್ಯಾಪಾರ ಬಿದ್ದುಹೋದ ಮೇಲೆ ಮನೆ ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಊರೆಲ್ಲ ಟಾಲ್ಬಟ್ ಮನೆತನದ ಕೈಯಲ್ಲಿತ್ತು. 1944ರಲ್ಲಿ ಆ ಮನೆತನದ ಮಟಿಲ್ಡಾ ಟಾಲ್ಬಟ್ ತಮ್ಮ ಮನೆಯಾಗಿದ್ದ ಅಬ್ಬಿಯನ್ನೂ (ಹಳೆಯ ಕ್ರೈಸ್ತ ಮಠ) ಊರನ್ನೂ ಹಳೆಯ ಕಟ್ಟಡ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆಗೆ ಬರೆದುಕೊಟ್ಟರು. ಅಲ್ಲಿಂದ ಈಚೆಗೆ ಬಹುಪಾಲು ಮನೆಗಳಿಗೆ ಟ್ರಸ್ಟೇ ಮಾಲೀಕ, ಜನ ಬಾಡಿಗೆಗೆ ಇರುತ್ತಾರೆ. ಹಾಗಾಗಿ ಛತ್ರಿ ಡಿಶ್ ಇಲ್ಲ, ತಲೆ ಮೇಲೆ ತಂತಿಗಳ ಗೋಜಲು ಇಲ್ಲ, ಒಬ್ಬರ ಮನೆಗೆ ನೀಲಿ ಒಬ್ಬರ ಮನೆಗೆ ಗುಲಾಬಿ ಬಣ್ಣ ಇಲ್ಲ. ನಿರ್ಮಾಪಕರು ನೂರು ಮನೆಯವರ ಹತ್ತಿರ ಚೌಕಾಸಿ ಮಾಡುವ ಬದಲು ಮುಖ್ಯವಾಗಿ ಒಬ್ಬ ಮಾಲೀಕನ ಹತ್ತಿರ ಮಾತಾಡಿದರೆ ಆಯಿತು. ಹಳೆಯ ಕಾಲ ತೋರಿಸುವವರಿಗೆ ಇದಕ್ಕಿಂತ ಏನು ಬೇಕು?

ಹೈ ಸ್ಟ್ರೀಟ್‌ನಿಂದ ಶುರು ಮಾಡಿ. 1995ರ ಬಿಬಿಸಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಧಾರಾವಾಹಿಯಲ್ಲಿ ಇದೇ ಕಥೆಯ ಮೆರಿಟನ್ ಪೇಟೆ. ಕೆಂಪು ಇಟ್ಟಿಗೆಯ ರೆಡ್ ಲಯನ್ ಪಬ್ ಕಾಣುತ್ತದಲ್ಲ, ಕಥಾನಾಯಕ ಡಾರ್ಸಿ ಮೊದಲ ಸಲ ಮುಖ ಗಂಟು ಹಾಕಿಕೊಂಡು ನಿಂತ ಡ್ಯಾನ್ಸ್ ಪಾರ್ಟಿಗೆ ಹೊರಗಿನಿಂದ ತೋರಿಸಿದ ಕಟ್ಟಡ ಅದೇ. 2007ರ ‘ಕ್ರ್ಯಾನ್‌ಫರ್ಡ್’ ಧಾರಾವಾಹಿಗೂ ಇದೇ ಬೀದಿ. 2019ರ ‘ಡೌನ್‌ಟನ್ ಅಬ್ಬಿ’ ಸಿನಿಮಾಕ್ಕೂ ಇಲ್ಲಿಗೆ ಬಂದರು. ಒಂದೇ ಬೀದಿಯ ಮೂರು ಸ್ಕ್ರೀನ್‌ಶಾಟ್ ಒಟ್ಟಿಗೆ ಇಟ್ಟು ನೋಡಿ. ಹೊಗೆಗೂಡುಗಳು ಮೂರರಲ್ಲೂ ಅವೇ.

ಅಲ್ಲಿಂದ ಚರ್ಚ್ ಸ್ಟ್ರೀಟ್‌ಗೆ ಬನ್ನಿ. ಮೊದಲ ಹ್ಯಾರಿ ಪಾಟರ್ ಚಿತ್ರದಲ್ಲಿ ಅವನ ಅಪ್ಪ ಅಮ್ಮನ ಮನೆಯಾಗಿ ಬರುವುದು ಚರ್ಚಿನ ಹತ್ತಿರದ ಒಂದು ಮನೆ. 2009ರ ‘ಹಾಫ್ ಬ್ಲಡ್ ಪ್ರಿನ್ಸ್’ಗೂ ಲೇಕಾಕ್‌ನಲ್ಲಿ ಶೂಟಿಂಗ್ ಆಯಿತು. ಸ್ಲಗ್‌ಹಾರ್ನ್ ಮೇಷ್ಟ್ರು ಅಡಗಿಕೊಂಡ ಊರು ಇದೇ. ಮನೆಗಳಲ್ಲಿ ಜನ ಇದ್ದಾರೆ ಅನ್ನುವುದು ಮರೆಯಬೇಡಿ. ಕಿಟಕಿಗೆ ಮೂಗು ಒತ್ತಿ ನೋಡುವವರನ್ನು ಕಂಡಿದ್ದೇನೆ. ಒಳಗಿನಿಂದ ಒಬ್ಬರು ಟೀ ಕಪ್ಪು ಹಿಡಿದು ಅವರನ್ನೇ ನೋಡುತ್ತಿದ್ದರು.

ಈಗ ಅಬ್ಬಿ. ಟಿಕೆಟ್ ಬೇಕು. ಎರಡು ಮೂರು ಕಡೆ ಹೋಗುವವರಾದರೆ ನ್ಯಾಷನಲ್ ಟ್ರಸ್ಟ್ ಸದಸ್ಯತ್ವದ ಲೆಕ್ಕ ಹಾಕಿ ನೋಡಿ. ಸ್ಟೌರ್‌ಹೆಡ್ ಕೂಡ ಅದರಲ್ಲೇ ಬರುತ್ತದೆ, ಸ್ಟೋನ್‌ಹೆಂಜ್‌ಗೂ ಪುಕ್ಕಟೆ.

1232ರಲ್ಲಿ ಸಾಲ್ಸ್‌ಬರಿಯ ಕೌಂಟೆಸ್ ಎಲಾ ಸನ್ಯಾಸಿನಿಯರಿಗಾಗಿ ಕಟ್ಟಿಸಿದ ಮಠ ಇದು. ಅದರ ಕಮಾನಿನ ಪಡಸಾಲೆಯೇ ಹಾಗ್ವರ್ಟ್ಸ್‌ನ ಕಾರಿಡಾರ್. ಪಕ್ಕದ ಕೋಣೆಗಳಲ್ಲಿ ಒಂದು ಸ್ನೇಪ್ ಮೇಷ್ಟ್ರ ಪಾಠದ ಕೋಣೆ, ಇನ್ನೊಂದು ಹ್ಯಾರಿ ಮಾಯಾ ಕನ್ನಡಿ ನೋಡುವ ಕೋಣೆ, ಮತ್ತೊಂದು ಕ್ವಿರಲ್ ಮೇಷ್ಟ್ರದು. ಆ ಕೊನೆಯ ಕೋಣೆಯಲ್ಲಿ ಒಂದು ದೊಡ್ಡ ಕೊಪ್ಪರಿಗೆ ಇದೆ. ಮದುವೆ ಮನೆಯಲ್ಲಿ ಸಾರು ಕುದಿಸುವ ಕೊಪ್ಪರಿಗೆಗಿಂತ ದಪ್ಪ, ಲೋಹ ಎರಕ ಹೊಯ್ದದ್ದು. ಎಲ್ಲರೂ ಸಿನಿಮಾದವರು ಬಿಟ್ಟು ಹೋದದ್ದು ಅಂದುಕೊಳ್ಳುತ್ತಾರೆ. ಅಲ್ಲ. ಈಗಿನ ಬೆಲ್ಜಿಯಂನ ಮೆಕೆಲೆನ್‌ನಲ್ಲಿ 1500ರಲ್ಲಿ ಮಾಡಿದ್ದು. ಹತ್ತಿರ ಹೋಗಿ ಅಂಚಿನ ಅಕ್ಷರ ನೋಡಿ. ಸಿನಿಮಾದವರು ಮಾಟಗಾರರ ಶಾಲೆಗೆ ಸೆಟ್ ಹಾಕಲು ಬಂದರೆ ಸಾಮಾನು ಮೊದಲೇ ಬಂದು ಕೂತಿತ್ತು!

ಪಡಸಾಲೆಯಲ್ಲಿ ಫೋಟೋ ತೆಗೆಯಬೇಕಾದರೆ ಮೂಲೆಯಲ್ಲಿ ನಿಲ್ಲಿ, ಉದ್ದಕ್ಕೆ ಹಿಡಿಯಿರಿ. ಕಂಬದ ನೆರಳು ನೆಲಕ್ಕೆ ಬೀಳುವಷ್ಟು ಬಿಸಿಲಿದ್ದರೆ ಏನೂ ಎಡಿಟ್ ಬೇಡ. ತೆರೆದ ಕೂಡಲೇ ಹೋದರೆ ಹತ್ತು ನಿಮಿಷ ಖಾಲಿ ಸಿಗುತ್ತದೆ. ಆಮೇಲೆ ಉದ್ದ ಕೋಟು, ಪಟ್ಟೆ ಸ್ಕಾರ್ಫ್ ಹಾಕಿಕೊಂಡ ಮಕ್ಕಳದ್ದೇ ರಾಜ್ಯ.

ಮಹಡಿಯಲ್ಲಿ ಒಂದು ಕಿಟಕಿ ಇದೆ. ಅದನ್ನು ನೋಡದೆ ಬರಬೇಡಿ. 1835ರಲ್ಲಿ ಈ ಮನೆಯ ಯಜಮಾನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಸಣ್ಣ ಮರದ ಡಬ್ಬಿ ಹಿಡಿದು ಆ ಕಿಟಕಿಯ ಚಿತ್ರ ತೆಗೆದ. ಇವತ್ತಿಗೂ ಉಳಿದಿರುವ ಕ್ಯಾಮೆರಾ ನೆಗೆಟಿವ್‌ಗಳಲ್ಲಿ ಅದೇ ಅತ್ಯಂತ ಹಳೆಯದು. ಮನೆಯ ಮೂಲೆ ಮೂಲೆಗೂ ಆ ಡಬ್ಬಿ ಇಡುತ್ತಿದ್ದನಂತೆ. ಅವನ ಹೆಂಡತಿ ಅದಕ್ಕೆ ‘ಇಲಿ ಬೋನು’ ಅಂತ ಹೆಸರಿಟ್ಟಿದ್ದಳು. ಸಿನಿಮಾ ಕ್ಯಾಮೆರಾ ಹಿಡಿದು ಈ ಮನೆಗೆ ಬಂದವರೆಲ್ಲ ಒಂದರ್ಥದಲ್ಲಿ ತವರಿಗೆ ಬಂದವರೇ.

ಹೆಜ್ಜೆ 6: ಕಾಸಲ್ ಕೂಮ್‌ಗೆ ಬೆಳಿಗ್ಗೆ 8ಕ್ಕೇ ಹೋಗಿ

ಹೆಜ್ಜೆ ನಂಬರ್ 6 ಅಂತ ಬರೆದಿದ್ದರೂ ಕಾರಿದ್ದರೆ ದಿನದ ಮೊದಲ ಕೆಲಸ ಇದೇ ಆಗಲಿ. ಹತ್ತು ಗಂಟೆಯಾದರೆ ಟೂರ್ ಬಸ್ಸು ಬರುತ್ತವೆ. ಒಂದೇ ಬೀದಿ, ಒಂದು ಸೇತುವೆ. ಅಷ್ಟು ಜನ ಹಿಡಿಯುವುದಿಲ್ಲ. ಕಾರನ್ನು ಗುಡ್ಡದ ಮೇಲಿನ ಪಾರ್ಕಿಂಗ್‌ನಲ್ಲಿ ಬಿಟ್ಟು ಹತ್ತು ನಿಮಿಷ ಇಳಿದು ಹೋಗಿ. ವಾಪಸ್ ಹತ್ತುವಾಗ ಮಂಡಿ ನೋವಿನವರಿಗೆ ಕಷ್ಟ. ವಯಸ್ಸಾದವರಿದ್ದರೆ ಕೆಳಗೆ ಇಳಿಸಿ ಕಾರು ಮೇಲೆ ತನ್ನಿ.

ಇಳಿಯುತ್ತಲೇ ಕಲ್ಲು ಕಂಬಗಳ ಸಂತೆ ಮಂಟಪ. ಕೆಳಗೆ ಬೈಬ್ರುಕ್ ಹೊಳೆ, ಅದರ ಮೇಲೆ ಸಣ್ಣ ಕಲ್ಲು ಸೇತುವೆ. ಸೇತುವೆಯ ಆ ಕಡೆ ನಿಂತು ಊರಿಗೆ ಮುಖ ಮಾಡಿ. ಎಲ್ಲರ ಫೋಟೋ ಇಲ್ಲಿಯದೇ. ಸ್ಪೀಲ್‌ಬರ್ಗ್ 2011ರ ‘ವಾರ್ ಹಾರ್ಸ್’ಗೆ ಇದನ್ನೇ ಡೆವನ್‌ನ ಹಳ್ಳಿ ಮಾಡಿದ.

ನನಗೆ ಇದಕ್ಕಿಂತ ಹಿಂದಿನ ಕಥೆ ಜಾಸ್ತಿ ಇಷ್ಟ. 1966ರಲ್ಲಿ ‘ಡಾಕ್ಟರ್ ಡೂಲಿಟಲ್’ ತಂಡ ಇಲ್ಲಿಗೆ ಬಂತು. ಕಥೆಗೆ ಬಂದರು ಬೇಕಿತ್ತು. ಸಮುದ್ರ ಎಲ್ಲೋ, ಊರು ಎಲ್ಲೋ. ಹೊಳೆಗೆ ಅಡ್ಡ ಕಟ್ಟೆ ಹಾಕಿ ನೀರು ನಿಲ್ಲಿಸಿದರು. ಮನೆಗಳ ಮೇಲಿನ ಟಿವಿ ಆಂಟೆನಾ ಕೀಳಿಸಿದರು. ಊರವರಲ್ಲಿ ಕೆಲವರಿಗೆ ರೇಗಿತು. ಕಟ್ಟೆ ಒಡೆಯಲು ಹೊಂಚು ಹಾಕಿ ಸಿಕ್ಕಿಬಿದ್ದವರಲ್ಲಿ ರನುಲ್ಫ್ ಫೈನ್ಸ್ ಅನ್ನುವ ಹುಡುಗನೂ ಇದ್ದ. ಸೈನ್ಯದ ಸ್ಫೋಟಕ ಬಳಸಲು ಹೋಗಿದ್ದ. ದಂಡ ಬಿತ್ತು, ಬ್ರಿಟಿಷ್ ಸೈನ್ಯದ ಎಸ್‌ಎಎಸ್ ಅನ್ನುವ ವಿಶೇಷ ಪಡೆಯಿಂದ ಹೊರಗೆ ಹಾಕಿದರು. ಮುಂದೆ ಅವನೇ ಧ್ರುವ ಪ್ರದೇಶಗಳನ್ನು ಸುತ್ತಿದ ದೊಡ್ಡ ಸಾಹಸಿ ಆದ. ಸಿನಿಮಾದವರನ್ನು ಓಡಿಸಿದ್ದು ಕೊನೆಗೆ ಅವನಲ್ಲ, ಮಳೆ. ಬೇಸಿಗೆಯಿಡೀ ಸುರಿದ ಮಳೆಗೆ ಬೇಸತ್ತು ಉಳಿದ ಶೂಟಿಂಗ್ ಬೇರೆ ಕಡೆ ಮಾಡಿದರು. ಸೇತುವೆ ಮೇಲೆ ನಿಂತು ಮೊಣಕಾಲುದ್ದದ ಆ ಹೊಳೆ ನೋಡಿ. ಇದನ್ನು ಬಂದರು ಮಾಡಲು ಹೊರಟವರ ಧೈರ್ಯ ಮೆಚ್ಚಬೇಕು.

ಹೆಜ್ಜೆ 7: ಕಾರ್ಶಮ್, ಸಂಜೆಗೆ

ಒಂದು ಗಂಟೆ ಸಾಕು. 2015ರಲ್ಲಿ ಶುರುವಾದ ‘ಪೋಲ್ಡಾರ್ಕ್’ ಧಾರಾವಾಹಿಯಲ್ಲಿ ಇಲ್ಲಿನ ಹೈ ಸ್ಟ್ರೀಟೇ ಕಾರ್ನ್‌ವಾಲ್‌ನ ಟ್ರೂರೋ. ರಸ್ತೆ ತುಂಬ ಮಣ್ಣು ಹರಡಿ ಡಾಂಬರು ಮುಚ್ಚಿದ್ದರು. ಈಗ ಕಾಫಿ ಅಂಗಡಿ, ಔಷಧಿ ಅಂಗಡಿ. ತಲೆ ಎತ್ತಿ ನೋಡುವ ಅಭ್ಯಾಸ ಇಲ್ಲಿ ಫಲ ಕೊಡುತ್ತದೆ.

ಇನ್ನೊಂದು ವಿಷಯ. ಈ ಊರಿನ ಬೀದಿಯಲ್ಲಿ ನವಿಲು ಓಡಾಡುತ್ತವೆ. ಪಕ್ಕದ ಕಾರ್ಶಮ್ ಕೋರ್ಟ್ ಬಂಗಲೆಯ ನವಿಲುಗಳು. ನಮ್ಮತ್ತೆ ಊರೆಲ್ಲ ಬಿಟ್ಟು ಅದರದ್ದೇ ವಿಡಿಯೋ ಮಾಡಿ ತುಮಕೂರಿಗೆ ಕಳಿಸಿದರು. "ಇದಕ್ಕೆ ಇಂಗ್ಲೆಂಡಿಗೆ ಹೋಗಬೇಕಿತ್ತಾ?" ಅಂತ ಮಾವನ ಉತ್ತರ ಬಂತು.

ಹೆಜ್ಜೆ 8: ಎರಡನೇ ದಿನ, ದಕ್ಷಿಣ

ಸಾಲ್ಸ್‌ಬರಿಯಲ್ಲಿ ಇಳಿದರೆ 123 ಮೀಟರ್ ಎತ್ತರದ ಕೆಥೆಡ್ರಲ್ ಗೋಪುರವೇ ದಾರಿ ತೋರಿಸುತ್ತದೆ. ಅದರ ಸುತ್ತಲಿನ ಆವರಣದಲ್ಲಿ ಮಾಂಪೆಸನ್ ಹೌಸ್ ಇದೆ. 1995ರಲ್ಲಿ ಆಂಗ್ ಲೀ ನಿರ್ದೇಶಿಸಿದ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯಲ್ಲಿ ಮಿಸೆಸ್ ಜೆನ್ನಿಂಗ್ಸ್ ಅವರ ಲಂಡನ್ ಮನೆ ಇದು.

ಅಲ್ಲಿಂದ ಸುಮಾರು 5 ಕಿಲೋಮೀಟರ್ ದೂರಕ್ಕೆ ವಿಲ್ಟನ್ ಹೌಸ್. ಡಬಲ್ ಕ್ಯೂಬ್ ರೂಮ್ ಅಂತ ಒಂದು ಹಾಲ್ ಇದೆ. 60 ಅಡಿ ಉದ್ದ, 30 ಅಡಿ ಅಗಲ, 30 ಅಡಿ ಎತ್ತರ. ಗೋಡೆಗೆ ವ್ಯಾನ್ ಡೈಕ್ ಚಿತ್ರಗಳು. ‘ದಿ ಕ್ರೌನ್’ ಧಾರಾವಾಹಿಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಒಳಗೆ ಅಂತ ತೋರಿಸಿದ್ದು ಇಲ್ಲಿ. ‘ಬ್ರಿಜರ್ಟನ್’ ಧಾರಾವಾಹಿ ಕೂಡ ಇಲ್ಲಿಗೆ ಬಂದಿದೆ. 2005ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಸಿನಿಮಾದಲ್ಲಿ ಡಾರ್ಸಿಯ ಪೆಂಬರ್ಲಿ ಮನೆಗೆ ಹೊರಗಿನಿಂದ ಡಾರ್ಬಿಶೈರ್‌ನ ಚಾಟ್ಸ್‌ವರ್ತ್, ಒಳಗಿನ ಕೆಲವು ಕೋಣೆಗಳಿಗೆ ವಿಲ್ಟನ್. ಬಾಗಿಲು ಒಂದು ಕೌಂಟಿಯಲ್ಲಿ, ಸೋಫಾ ಇನ್ನೊಂದರಲ್ಲಿ.

ಅದೇ ಸಿನಿಮಾದ ಮಳೆ ದೃಶ್ಯ ನೆನಪಿದೆಯಾ? ಕಥಾನಾಯಕಿ ಎಲಿಜಬೆತ್ ಸೇತುವೆ ದಾಟಿ ಓಡುತ್ತಾಳೆ. ಕಂಬಗಳ ಮಂಟಪದ ಕೆಳಗೆ ಡಾರ್ಸಿ ಬಂದು ಮದುವೆ ಮಾತು ಎತ್ತುತ್ತಾನೆ, ಬೈಸಿಕೊಳ್ಳುತ್ತಾನೆ. ಕಾದಂಬರಿಯಲ್ಲಿ ಅದು ಕೆಂಟ್‌ನ ಒಂದು ಮನೆಯೊಳಗೆ ನಡೆಯುವ ಮಾತು. ಸಿನಿಮಾದಲ್ಲಿ ಸ್ಟೌರ್‌ಹೆಡ್ ತೋಟದ ಅಪೋಲೋ ದೇವಾಲಯ. ಸಾಲ್ಸ್‌ಬರಿಯಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್, ಕಾರಿದ್ದರೆ ಮಾತ್ರ. ಕೆರೆ ಸುತ್ತ ನಡೆಯಿರಿ. ಸೇತುವೆಯ ಹತ್ತಿರ ನಿಂತು ತಲೆ ಎತ್ತಿದರೆ ಎದುರು ದಿಣ್ಣೆಯ ಮೇಲೆ ಮಂಟಪ ಕಾಣುತ್ತದೆ. ಸಿನಿಮಾದಲ್ಲಿ ಎರಡು ಸೆಕೆಂಡಿನಲ್ಲಿ ತಲುಪಿದಳು. ಅಲ್ಲಿವರೆಗೆ ಹೋಗುವಷ್ಟರಲ್ಲಿ ನನಗೆ ಏದುಸಿರು. ಮಳೆ ಬಂದರೆ ಓಡಿ ಒಳಗೆ ಹೋಗಬೇಡಿ, ಆ ಮಂಟಪ ನೋಡಲು ಅದೇ ಸರಿಯಾದ ಹೊತ್ತು.

ಅಲ್ಲಿಂದ ಲಾಂಗ್‌ಲೀಟ್ ದೂರವಿಲ್ಲ. ಮನೆಗೂ ಸಫಾರಿಗೂ ಟಿಕೆಟ್ ಇದೆ. 1966ರಿಂದ ಇಲ್ಲಿ ಸಿಂಹಗಳ ನಡುವೆ ಕಾರು ಓಡಿಸಬಹುದು. ಬರೀ ಗುರುಕುಲ ನೋಡಬೇಕು ಅಂದರೆ ‘ಹೆವನ್ಸ್ ಗೇಟ್’ ಅನ್ನುವ ಗುಡ್ಡಕ್ಕೆ ಹೋಗಿ. ನಮ್ಮತ್ತೆ ನಿಂತಿದ್ದು ಅಲ್ಲೇ. ಸಮಯ ಉಳಿದರೆ ವಾರ್ಡರ್‌ನ ಪಾಳು ಕೋಟೆ. 1991ರ ರಾಬಿನ್ ಹುಡ್ ಸಿನಿಮಾದಲ್ಲಿ ಅವನ ಅಪ್ಪನ ಸುಟ್ಟ ಕೋಟೆ ಆಗಿತ್ತು.

ಸ್ಟೋನ್‌ಹೆಂಜ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಒಂದೇ ಮಾತು ಹೇಳುತ್ತೇನೆ. 1965ರ ಮೇ ತಿಂಗಳಲ್ಲಿ ಬೀಟಲ್ಸ್ ‘ಹೆಲ್ಪ್!’ ಚಿತ್ರಕ್ಕೆ ಸೈನ್ಯದ ಟ್ಯಾಂಕುಗಳ ನಡುವೆ ಹಾಡಿದ್ದು ಅದರ ಹತ್ತಿರದ ಬಯಲಿನಲ್ಲಿ. ಆ ಬಯಲು ಈಗಲೂ ಸೈನ್ಯದ ತರಬೇತಿ ಜಾಗ. ಕೆಂಪು ಬಾವುಟ ಕಂಡರೆ ಒಳಗೆ ಕಾಲಿಡಬೇಡಿ. ಕಲ್ಲು ಮುಟ್ಟಿ ನೋಡುವ ಆಸೆ ಇದ್ದರೆ ಏವ್‌ಬರಿಗೆ ಹೋಗಿ. ಅಲ್ಲಿ ಕಲ್ಲಿನ ಚಕ್ರದೊಳಗೇ ಊರಿದೆ, ಟಿಕೆಟ್ ಇಲ್ಲ, ತಡೆಹಗ್ಗ ಇಲ್ಲ. 1977ರಲ್ಲಿ ಬಂದ ‘ಚಿಲ್ಡ್ರನ್ ಆಫ್ ದಿ ಸ್ಟೋನ್ಸ್’ ಅನ್ನುವ ಮಕ್ಕಳ ಧಾರಾವಾಹಿ ಇಲ್ಲೇ ತೆಗೆದದ್ದು. ಮಕ್ಕಳದ್ದು ಅಂತ ಹೆಸರು, ದೊಡ್ಡವರಿಗೂ ಭಯ ಆಗುತ್ತದೆ. ಆ ಕಥೆಯಲ್ಲೂ ಊರಿನ ಹೆಸರು ಬೇರೆ ಇಟ್ಟಿದ್ದಾರೆ.

ಹೆಜ್ಜೆ 9: ಹೊಟ್ಟೆ ಪಾಡು

ಪಬ್‌ಗಳಲ್ಲಿ ಮಧ್ಯಾಹ್ನದ ಅಡುಗೆ ಎರಡೂವರೆ ಹೊತ್ತಿಗೆ ನಿಲ್ಲುವುದು ಸಾಮಾನ್ಯ. ಸಂಜೆ 6ರವರೆಗೆ ಬರೀ ಕುಡಿಯಲು ಸಿಗುತ್ತದೆ. ಊಟದ ಹೊತ್ತು ನೋಡಿ ಕೂತುಕೊಳ್ಳಿ. ಲೇಕಾಕ್‌ನ ಜಾರ್ಜ್ ಇನ್ ಪಬ್‌ನಲ್ಲಿ ಹಳೆಯ ಒಲೆಯ ಹತ್ತಿರ ಒಂದು ಮರದ ಚಕ್ರ ಇದೆ. ಹಿಂದಿನ ಕಾಲದಲ್ಲಿ ಅದರೊಳಗೆ ನಾಯಿ ಓಡಿಸಿ ಬೆಂಕಿಯ ಮುಂದಿನ ಮಾಂಸದ ಕಂಬಿ ತಿರುಗಿಸುತ್ತಿದ್ದರು.

ಸಸ್ಯಾಹಾರಿಗಳು ಒಂದು ಕಡೆ ಎಚ್ಚರ ಇರಬೇಕು. ‘ಲಾರ್ಡಿ ಕೇಕ್’ ಇಲ್ಲಿನ ಹೆಸರಾದ ತಿಂಡಿ. ನೋಡಲು ಒಣದ್ರಾಕ್ಷಿ ಹಾಕಿದ ಸಿಹಿ ಬನ್ನು, ಅಂಚಿನಲ್ಲಿ ಸಕ್ಕರೆ ಪಾಕ ಹೊಳೆಯುತ್ತಿರುತ್ತದೆ. ಅದರ ಪದರಗಳಲ್ಲಿ ಇರುವುದು ಬೆಣ್ಣೆ ಅಲ್ಲ, ಹಂದಿ ಕೊಬ್ಬು. ಅತ್ತೆ ಕೈ ಹಾಕುವಷ್ಟರಲ್ಲಿ ಹಿಡಿದೆ. ಸ್ಕೋನ್ ಜೊತೆ ಜಾಮ್, ಕ್ರೀಮ್ ತಗೊಳ್ಳಿ, ತೊಂದರೆ ಇಲ್ಲ. ನಾವಂತೂ ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತೇವೆ.

ಹೆಜ್ಜೆ 10: ನೀವೇ ಶೂಟ್ ಮಾಡುವುದಾದರೆ

ಮದುವೆಗೆ ಮುಂಚಿನ ಫೋಟೋಶೂಟ್‌ಗೆ ಲೇಕಾಕ್ ಚೆನ್ನಾಗಿರುತ್ತಾ ಅಂತ ಇಲ್ಲಿನ ಕನ್ನಡ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ನಿಮ್ಮ ಫೋನಿನಲ್ಲಿ ನಿಮ್ಮದೇ ನೆನಪಿಗೆ ತೆಗೆಯುವುದಾದರೆ ಯಾರೂ ಏನೂ ಅನ್ನುವುದಿಲ್ಲ. ದುಡ್ಡು ಕೊಟ್ಟು ಫೋಟೋಗ್ರಾಫರ್ ಕರೆಸಿದರೆ, ಲೈಟು ಸ್ಟ್ಯಾಂಡು ತಂದರೆ, ಕಿರುಚಿತ್ರ ತೆಗೆದರೆ ಮೊದಲೇ ಅನುಮತಿ ಕೇಳಬೇಕು. ನ್ಯಾಷನಲ್ ಟ್ರಸ್ಟ್‌ನಲ್ಲಿ ಚಿತ್ರೀಕರಣ ನೋಡಿಕೊಳ್ಳಲೆಂದೇ ಪ್ರತ್ಯೇಕ ವಿಭಾಗ ಇದೆ. ಬರೆಯುವಾಗ ಎಷ್ಟು ಜನ, ಎಷ್ಟು ಹೊತ್ತು, ಯಾವ ಜಾಗ, ಏನು ಸಾಮಾನು ಅಂತ ಬಿಡಿಸಿ ಹೇಳಿ. ಸಾರ್ವಜನಿಕರಿಗೆ ಏನಾದರೂ ಆದರೆ ಅಂತ ಇನ್ಶೂರೆನ್ಸ್ ಕಾಗದವನ್ನೂ ಕೇಳಬಹುದು. ಬೀದಿ ಮುಚ್ಚಬೇಕು, ವಾಹನ ತಡೆಯಬೇಕು ಅಂದರೆ ಕೌಂಟಿಯ ಕೌನ್ಸಿಲ್ ಹತ್ತಿರವೂ ಹೋಗಬೇಕು.

ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಟ್ರಸ್ಟ್ ಜಾಗದಿಂದ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ನಮ್ಮ ಪರಿಚಯದ ಒಬ್ಬ ಹುಡುಗ ಪೆಟ್ಟಿಗೆ ತೆರೆಯುತ್ತಿದ್ದ ಹಾಗೆಯೇ ಒಬ್ಬ ಅಜ್ಜಿ ನಾಯಿ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತರು. ಏನೂ ಹೇಳಲಿಲ್ಲ. ಅವನು ಪೆಟ್ಟಿಗೆ ಮುಚ್ಚುವವರೆಗೂ ನಿಂತಿದ್ದು, ಮುಚ್ಚಿದ ಮೇಲೆ "ಇವತ್ತು ಬಿಸಿಲು ಚೆನ್ನಾಗಿದೆ ಅಲ್ವಾ" ಅಂದು ಹೋದರು.